ಮೂರು ಓಟಿನ ಅಭ್ಯರ್ಥಿ ಯಾವಾಗ ಮನೆಗೆ ಹೋಗಬೇಕು?

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಹತ್ತಿರ ಬಂದಾಗಲೆಲ್ಲ ತಮಿಳು ಸೀಮೆಯ ಪೋರೂರಿನ ನಮ್ಮ ಮನೆಯಲ್ಲಿ ನನಗೆ ಸ್ವಲ್ಪ ಮುಜುಗರವಾಗುತ್ತದೆ. ಅಲ್ಲಿ ಮುಖ್ಯ ಚುನಾವಣೆಗೂ ಮೊದಲು ಪಕ್ಷದೊಳಗೇ ಇನ್ನೊಂದು ಚುನಾವಣೆ ನಡೆಯುತ್ತದಲ್ಲ, ನಮ್ಮ ಕಡೆಯಿಂದ ಯಾರನ್ನು ಕಳಿಸೋಣ ಅಂತ. ಅದರಲ್ಲಿ ನೂರಕ್ಕೆ ಒಂದೋ ಎರಡೋ ಓಟು ಬಿದ್ದ ಮಹಾನುಭಾವನೊಬ್ಬ ಯಾವಾಗಲೂ ಇರುತ್ತಾನೆ. ಕೋಟು ತೊಟ್ಟು, ಬೆನ್ನ ಹಿಂದೆ ಬಾವುಟ ನಿಲ್ಲಿಸಿಕೊಂಡು, ತನ್ನ ಹೋರಾಟ ಈಗಷ್ಟೇ ಶುರುವಾಗಿದೆ ಎನ್ನುತ್ತಿರುತ್ತಾನೆ. "ಪಾಪ, ಮನೇಲಿ ಯಾರೂ ಹೇಳೋರಿಲ್ವೇನೋ" ಎನ್ನುತ್ತಾಳೆ ನನ್ನ ಹೆಂಡತಿ ಗೀತಾ. ಹೇಳುವಾಗ ಟಿವಿಯನ್ನು ನೋಡುವುದಿಲ್ಲ, ನನ್ನನ್ನು ನೋಡುತ್ತಾಳೆ.

ಕಾರಣವಿದೆ. ನಾನೂ ಒಮ್ಮೆ ಅಧ್ಯಕ್ಷಗಿರಿಗೆ ನಿಂತಿದ್ದೆ. ನಮ್ಮ ಫ್ಲ್ಯಾಟುಗಳ ಸಂಘದ ಅಧ್ಯಕ್ಷಗಿರಿಗೆ.

ನಮ್ಮಲ್ಲಿ ಮೂರು ಬ್ಲಾಕುಗಳಿವೆ. ಪ್ರತಿ ಬ್ಲಾಕೂ ಮೊದಲು ತನ್ನ ಪರವಾಗಿ ಒಬ್ಬರನ್ನು ಆರಿಸಬೇಕು, ಆಮೇಲೆ ಆ ಮೂವರಲ್ಲಿ ಒಬ್ಬರನ್ನು ಎಲ್ಲರೂ ಸೇರಿ ಆರಿಸಬೇಕು. ಆಗ ಅಧ್ಯಕ್ಷರಾಗಿದ್ದ ಧನಶೇಖರ್ ನಮ್ಮ ಬಿ ಬ್ಲಾಕಿನವರೇ. ಆರು ವರ್ಷ ಆಳಿದ್ದರು. ಆರನೆಯ ವರ್ಷ ಅವರು ಮಾಡಿದ ಘನಕಾರ್ಯವೆಂದರೆ ಮಕ್ಕಳ ಆಟದ ಮೈದಾನಕ್ಕೆ ಬೀಗ ಜಡಿದು, ಅಲ್ಲಿ ಕಾರು ನಿಲ್ಲಿಸುವ ಜಾಗ ಮಾಡುತ್ತೇವೆಂದು ನೋಟಿಸು ಅಂಟಿಸಿದ್ದು. ನನ್ನ ಮಗಳು ನಿಧಿಗೆ ಹದಿಮೂರು ವರ್ಷ. ಅವಳೂ ಅವಳ ಗೆಳತಿಯರೂ ನೆಲಮಾಳಿಗೆಯಲ್ಲಿ ಕಾರುಗಳ ಸಂದಿಯಲ್ಲಿ ಬಗ್ಗಿ ಬಗ್ಗಿ ಶಟಲ್ ಆಡುತ್ತಿದ್ದರು. ಅದನ್ನು ನೋಡಿ ನನ್ನ ಮೈಸೂರು ರಕ್ತ ಕುದಿಯಿತು. ಕುದಿಯಿತೆಂದರೆ ಸ್ವಲ್ಪ ಬಿಸಿಯಾಯಿತು. ನಾಮಪತ್ರಕ್ಕೆ ಅಷ್ಟು ಸಾಕಾಗಿತ್ತು.

ನನ್ನಂತೆಯೇ ಇನ್ನೊಬ್ಬರಿಗೂ ಬಿಸಿಯಾಗಿತ್ತು. ಐದನೇ ಮಹಡಿಯ ವಿಜಯಾ ಮೇಡಂ, ಕೀಲ್ಪಾಕ್ ಕಡೆಯ ಒಂದು ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಅವರು ಪ್ರಚಾರವನ್ನೇ ಮಾಡಲಿಲ್ಲ. ಬಿ.ಪಿ. ನೋಡುವ ಯಂತ್ರ ಹಿಡಿದು ಮನೆ ಮನೆಗೆ ಹೋಗಿ ಹಿರಿಯರ ತೋಳಿಗೆ ಪಟ್ಟಿ ಸುತ್ತುತ್ತಿದ್ದರು. ಇದನ್ನು ಅವರು ಹತ್ತು ವರ್ಷದಿಂದ ಮಾಡುತ್ತಿದ್ದಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ನಾನು ಮಾತ್ರ ಕ್ರಮಬದ್ಧವಾಗಿ, ಇಂಗ್ಲಿಷಿನಲ್ಲೂ ತಮಿಳಿನಲ್ಲೂ ಕರಪತ್ರ ಅಚ್ಚು ಹಾಕಿಸಿ ಹಂಚಿದೆ. ತಮಿಳನ್ನು ಸ್ವತಃ ನಾನೇ ಮೊಬೈಲಿನಲ್ಲಿ ಟೈಪು ಮಾಡಿದ್ದೆ. ಹನ್ನೊಂದು ವರ್ಷ ಇಲ್ಲಿದ್ದವನಿಗೆ ಅಷ್ಟೂ ಬಾರದೆ?

ಚುನಾವಣಾಧಿಕಾರಿ ಕೋದಂಡರಾಮನ್ ಅಂಚೆ ಇಲಾಖೆಯಿಂದ ನಿವೃತ್ತರಾದವರು, ಬಹಳ ಅಚ್ಚುಕಟ್ಟು. ಜನಕ್ಕೆ ಅಭ್ಯಾಸವಾಗಲೆಂದು ಒಂದು ಭಾನುವಾರ ಮುಂಚಿತವಾಗಿ ಮಾದರಿ ಮತದಾನ ನಡೆಸಿದರು. ಬಿಸ್ಕತ್ತಿನ ಡಬ್ಬದಿಂದ ಚೀಟಿಗಳನ್ನು ಒಂದೊಂದಾಗಿ ತೆಗೆದು ಓದಿದರು. ಧನಶೇಖರ್ ಮೂವತ್ತೊಂದು. ವಿಜಯಾ ಇಪ್ಪತ್ತೊಂಬತ್ತು. ನಾನು ಮೂರು.

ವಿವೇಕವಿರುವವನು ಆ ಕ್ಷಣವೇ ಎದ್ದು ಮನೆಗೆ ಹೋಗಬೇಕಿತ್ತು. ಹೊರಗಿನಿಂದ ನೋಡುವವರಿಗೆ ಇದು ಸುಲಭದ ಲೆಕ್ಕ. ಆದರೆ ಒಳಗೆ ಕೂತವನಿಗೆ ಮೂರು ಎನ್ನುವುದು ಮೂರಲ್ಲ, ಬೀಜ. ಇಷ್ಟು ಕಡಿಮೆ ಪ್ರಚಾರಕ್ಕೇ ಮೂರು ಬಿದ್ದಿದ್ದರೆ, ಇನ್ನೊಂದು ಕರಪತ್ರ ಹಾಕಿದರೆ? ಭಾಷೆಯೂ ಇಂಥವನ ಕಡೆಗೇ ಇದೆ ನೋಡಿ. ಇಂಗ್ಲಿಷಿನವರು ಚುನಾವಣೆಗೆ ಓಡುತ್ತಾರೆ, ಸುಸ್ತಾದ ದಿನ ನಿಲ್ಲುತ್ತಾರೆ. ನಾವು ಮೊದಲ ದಿನವೇ 'ನಿಲ್ಲುತ್ತೇವೆ'. ಆಗಲೇ ನಿಂತವನಿಗೆ 'ಇನ್ನು ನಿಲ್ಲಪ್ಪಾ' ಎಂದರೆ ಅವನಿಗೆ ಪ್ರೋತ್ಸಾಹ ಕೊಟ್ಟಂತೆ ಕೇಳಿಸುತ್ತದೆ. ಈ ಊರಿನ ಸಂಗೀತ ಕಛೇರಿಗಳಲ್ಲಿ ಹಾಡುಗಾರರಿಗೆ ಒಂದು ಅನುಕೂಲವಿದೆ. ಜನ ಕ್ಯಾಂಟೀನಿನ ಕಡೆ ಎದ್ದು ಹೋಗುವುದು ಎದುರಿಗೇ ಕಾಣುತ್ತದೆ, ಮಂಗಳ ಹಾಡಿ ಮುಗಿಸಬಹುದು. ಅಭ್ಯರ್ಥಿಗೆ ಮಂಗಳ ಎಂಬುದೇ ಇಲ್ಲ.

ಆ ವಾರವೆಲ್ಲ ನಾನು ಮಾಡಿದ ಕೆಲಸ ನನ್ನ ಮೂವರು ಮತದಾರರನ್ನು ಹುಡುಕಿದ್ದು. ಒಬ್ಬ ನಾನೇ. ಇನ್ನೊಬ್ಬಳು ಗೀತಾ ಎಂದು ಹಿಡಿದರೆ ಮೂರನೆಯ ಆ ಪುಣ್ಯಾತ್ಮ ಯಾರು? ಬೀದಿಯ ಕೊನೆಯಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಕುಂದಾಪುರದ ರಾಯರು ನಮ್ಮ ಬ್ಲಾಕಿನವರೇ. ಕಾಫಿ ಕೊಡುತ್ತಾ ಅವರೇ ಬಾಯಿಬಿಟ್ಟರು. "ನಾನೇ ಮಾರಾಯ್ರೆ ನಿಮ್ಗೆ ಓಟು ಹಾಕಿದ್ದು. ಊರಿನವ್ರು ಒಬ್ರು ನಿಂತಿದ್ರಲ್ಲ, ಒಂದಾದ್ರೂ ಬೀಳ್ಲಿ ಅಂತ ಹಾಕ್ದೆ. ಮೂರು ಬಿತ್ತಾ? ಅಡ್ಡಿಲ್ಲ!"

ಮರುದಿನ ಲಿಫ್ಟಿನಲ್ಲಿ ಎರಡು ಕಾರುಗಳ ಒಡೆಯರಾದ ಸುಂದರಂ ಸಿಕ್ಕಿ ನನ್ನ ಕೈ ಕುಲುಕಿದರು. "ಸಾರ್, ಧೈರ್ಯವಾಗಿ ಬರೆದಿದ್ದೀರಿ. ಧನಶೇಖರ್ ಕೂಡ ಇಷ್ಟು ನೇರವಾಗಿ ಹೇಳಿಲ್ಲ. ಮೊನ್ನೆಯೂ ನನ್ನ ಓಟು ನಿಮಗೇ" ಎಂದು ತಮಿಳಿನಲ್ಲಿ ಹೊಗಳಿದರು. ಯಾವುದು ನೇರ, ಏನು ಧೈರ್ಯ ಎಂದು ತಿಳಿಯದೆ ಮನೆಗೆ ಬಂದು ಕರಪತ್ರವನ್ನು ನಿಧಿಯ ಕೈಗೆ ಕೊಟ್ಟೆ. ಅವಳು ಶಾಲೆಯಲ್ಲಿ ತಮಿಳು ಓದುತ್ತಾಳೆ, ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೇ ಉತ್ತರ ಕೊಡುತ್ತಾಳೆ.

"ಯಾರ್‌ಪಾ ಇದ ಎಳುದಿನದು?" ಎಂದಳು. ಯಾರು ಬರೆದಿದ್ದು?

"ನಾನೇ ಕಣೇ. ಯಾಕೆ?"

ಅವಳು ಸೋಫಾದ ಮೇಲೆ ಬಿದ್ದು ನಕ್ಕಳು. ತಮಿಳಿನಲ್ಲಿ 'ವೇಂಡುಂ' ಎಂದರೆ ಬೇಕು, 'ವೇಂಡಾಂ' ಎಂದರೆ ಬೇಡ. ನನ್ನ ಬೆರಳು ಒಂದು ಅಕ್ಷರ ಜಾರಿತ್ತು. ಮಕ್ಕಳಿಗೆ ಆಟದ ಮೈದಾನ ಬೇಡ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ ಮನೆ ಮನೆಗೂ ಹಂಚಿದ್ದೆ.

ಬುಧವಾರ ಸಂಜೆ ವಿಜಯಾ ಮೇಡಂ ನಮ್ಮ ಮನೆಗೆ ಬಂದರು. ಮೊದಲು ನನ್ನ ಬಿ.ಪಿ. ನೋಡಿ, "ಜಾಸ್ತಿ ಇದೆ ಸಾರ್, ಉಪ್ಪು ಕಮ್ಮಿ ಮಾಡಿ" ಎಂದರು. ಆಮೇಲೆ ಪಟ್ಟಿ ಸುತ್ತಿಡುತ್ತಾ ನಿಧಾನವಾಗಿ ತಮಿಳಿನಲ್ಲಿ ಹೇಳಿದರು. "ಸಾರ್, ನೀವೂ ಮೈದಾನಕ್ಕಾಗಿಯೇ ನಿಂತಿದ್ದೀರಿ, ನಾನೂ ಅದಕ್ಕೇ. ಇಬ್ಬರೂ ಇದ್ದರೆ ಓಟು ಹರಿದುಹೋಗಿ ಅವರೇ ಗೆಲ್ಲುತ್ತಾರೆ. ಒಬ್ಬರು ಸರಿಯಬೇಕು. ನಿಮಗೆ ಮನಸ್ಸಿದ್ದರೆ ಹೇಳಿ, ನಾನು ಸರಿಯುತ್ತೇನೆ."

ಇಪ್ಪತ್ತೊಂಬತ್ತು ಓಟಿನ ಹೆಂಗಸು ಮೂರು ಓಟಿನ ಗಂಡಸಿಗೆ ಹೇಳಿದ ಮಾತು ಇದು. ನಾನು ಏನು ಹೇಳಬೇಕಿತ್ತು? ಛೆ ಛೆ, ಎಲ್ಲಾದರೂ ಉಂಟೇ, ನಾನೇ ಸರಿಯುತ್ತೇನೆ ಅಂತ ಹೇಳಬೇಕಿತ್ತು. ನಾನು ಹೇಳಿದ್ದು, "ಯೋಚನೆ ಮಾಡಿ ಹೇಳ್ತೀನಿ ಮೇಡಂ."

ಅವರು ಹೋದ ಮೇಲೆ ಯೋಚನೆಯನ್ನೂ ಮಾಡಿದೆ! ಇಪ್ಪತ್ತೊಂಬತ್ತಕ್ಕೆ ಮೂರು ಸೇರಿದರೆ ಮೂವತ್ತೆರಡಾಯಿತಲ್ಲ ಎಂದು ಗೀತಾಳ ಮುಂದೆ ಲೆಕ್ಕ ಒಪ್ಪಿಸಿದೆ. ಅವಳು ಹುರುಳಿಕಾಯಿ ಬಿಡಿಸುತ್ತಿದ್ದಳು. "ಆ ಮೂರು ಯಾರ್ಯಾರದ್ದು ಅಂತ ಹೇಳಿ ನೋಡೋಣ" ಎಂದಳು. ಬೆರಳು ಮಡಿಚಿದೆ. ನಾನು ಒಂದು, ರಾಯರು ಎರಡು, ಸುಂದರಂ ಮೂರು. ನಾಲ್ಕನೆಯ ಬೆರಳು ಹಾಗೇ ಗಾಳಿಯಲ್ಲಿ ನಿಂತಿತು.

"ನಿಂದು?"

"ವಿಜಯಾ ಮೇಡಂಗೆ" ಎಂದಳು, ತಲೆ ಎತ್ತದೆ.

ಹದಿನಾರು ವರ್ಷದ ದಾಂಪತ್ಯದಲ್ಲಿ ಅವಳು ನನ್ನ ವಿರುದ್ಧ ಮತ ಹಾಕಿದ್ದು ಇದೇ ಮೊದಲು. ಅಥವಾ ಚೀಟಿಯಲ್ಲಿ ಹಾಕಿದ್ದು ಇದೇ ಮೊದಲು.

"ನೀವು ಗೆಲ್ಲೋದು ಬೇಡ ಅಂತಲ್ಲ" ಎಂದಳು ಕಾಯಿ ಬಿಡಿಸುತ್ತಲೇ. "ಬೀಗ ತೆಗೀಬೇಕು ಅಂತ ಹಾಕ್ದೆ. ನಿಧಿ ನಿನ್ನೆ ಕಾರಿನ ಕನ್ನಡಿಗೆ ತಲೆ ತಾಗಿಸ್ಕೊಂಡು ಬಂದ್ಲು. ನೀವು ನೋಡ್ಲಿಲ್ಲ. ನಿಮ್ಮ ಓಟು ಎಣಿಸ್ತಾ ಕೂತಿದ್ರಿ."

ಒಳಗೆ ಹೋಗಿ ನೋಡಿದೆ. ನಿಧಿಯ ಹಣೆಯ ಅಂಚಿನಲ್ಲಿ, ಕೂದಲಿನ ಮರೆಯಲ್ಲಿ ಸಣ್ಣದೊಂದು ಬೋರೆ ಎದ್ದಿತ್ತು. "ಒಣ್ಣುಂ ಇಲ್ಲಪ್ಪಾ" ಎಂದಳು, ಏನೂ ಇಲ್ಲ ಎಂದು. ನಾನು ಯಾವುದಕ್ಕೆ ನಿಂತಿದ್ದೆ ಎಂಬುದು ನನಗೇ ಮರೆತುಹೋಗಿತ್ತು. ಚಪ್ಪಲಿ ಮೆಟ್ಟಿ ಐದನೇ ಮಹಡಿಗೆ ಹೋಗಿ ವಿಜಯಾ ಮೇಡಂಗೆ ಹೇಳಿದೆ, "ನೀವು ಇರಿ, ನಾನು ಸರೀತೀನಿ." ಅವರು ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಉಪ್ಪಿಲ್ಲದ ಮಜ್ಜಿಗೆ.

ಉಳಿದ ಮೂರು ದಿನ ಅವರ ಯಂತ್ರವನ್ನು ಹೊತ್ತುಕೊಂಡು ಅವರ ಹಿಂದೆ ಮೆಟ್ಟಿಲು ಹತ್ತಿದೆ. ಮಾದರಿ ಮತದಾನಕ್ಕೆ ಬಾರದವರ ಬಾಗಿಲುಗಳನ್ನೆಲ್ಲ ತಟ್ಟಿದೆವು. ನನಗೆ ಓಟು ಕೊಡಿ ಎನ್ನುವಾಗ ತಡವರಿಸುತ್ತಿದ್ದ ಮಾತು, ಇವರಿಗೆ ಕೊಡಿ ಎನ್ನುವಾಗ ಸರಾಗವಾಗಿ ಹರಿಯಿತು. ನನ್ನ ತಮಿಳು ಕೂಡ ಸುಧಾರಿಸಿತು. ಬೇಕು ಎನ್ನುವ ಕಡೆ ಬೇಕು ಎಂದೇ ಹೇಳಿದೆ.

ಭಾನುವಾರದ ಸಭೆಯಲ್ಲಿ ವಿಧಿಪೂರ್ವಕವಾಗಿ ಹಿಂದೆ ಸರಿಯಬೇಕಿತ್ತು. ಎರಡು ಪುಟದ ಭಾಷಣ ಬರೆದುಕೊಂಡು ಹೋಗಿದ್ದೆ, ತ್ಯಾಗ ಎಂಬ ಪದ ಎರಡು ಕಡೆ ಬಂದಿತ್ತು. ಎದ್ದು ನಿಂತು, ನಾನು 'ವಿಲಗುತ್ತಿದ್ದೇನೆ', ಅಂದರೆ ಸರಿಯುತ್ತಿದ್ದೇನೆ, ಎಂದು ತಮಿಳಿನಲ್ಲಿ ಆರಂಭಿಸಿದೆ. ಹಿಂದಿನ ಸಾಲಿನ ಅಜ್ಜಿಯೊಬ್ಬರು, "ಆಮಾ, ಕೊಂಜಂ ವಿಲಗುಂಗ ಸಾರ್, ಮರೈಕ್ಕುದು" ಎಂದರು. ಹೌದು, ಸ್ವಲ್ಪ ಸರೀರಿ, ಅಡ್ಡ ಬರ್ತಿದೀರಿ ಎಂದು. ಸಭೆಗೆ ಸಭೆಯೇ ನಕ್ಕಿತು. ಭಾಷಣವನ್ನು ಜೇಬಿಗೆ ಹಾಕಿ ಕೂತೆ. ಅದಕ್ಕಿಂತ ಸ್ಪಷ್ಟವಾಗಿ ನಾನೂ ಹೇಳಲಾರೆ.

ಸಭೆಯ ಕೊನೆಗೆ ನಡೆದ ನಿಜವಾದ ಮತದಾನದಲ್ಲಿ ವಿಜಯಾ ಮೇಡಂಗೆ ಮೂವತ್ತಾರು, ಧನಶೇಖರ್‌ಗೆ ಮೂವತ್ತಮೂರು. ಮುಂದಿನ ತಿಂಗಳು ಮೂರು ಬ್ಲಾಕುಗಳ ಚುನಾವಣೆಯಲ್ಲೂ ಮೇಡಂ ಅವರೇ ಗೆದ್ದರು, ಆ ಸಂಜೆಯೇ ಮೈದಾನದ ಬೀಗ ತೆಗೆಸಿದರು.

ಇಲ್ಲಿಗೆ ನನ್ನ ರಾಜಕೀಯ ಜೀವನ ಮುಗಿಯಬೇಕಿತ್ತು. ಆದರೆ ಆಮೇಲಿನಿಂದ ಒಂದು ವಿಚಿತ್ರ ನಡೆಯುತ್ತಿದೆ. ಲಿಫ್ಟಿನಲ್ಲಿ, ಹಾಲಿನ ಅಂಗಡಿಯಲ್ಲಿ, ಕೆರೆಯ ಬಳಿಯ ವಾಕಿಂಗಿನಲ್ಲಿ ಸಿಕ್ಕವರೆಲ್ಲ ನನ್ನ ತೋಳು ಹಿಡಿದು, "ನೀವು ಯಾಕೆ ಸಾರ್ ಸರಿದಿರಿ? ನಾನು ನಿಮಗೇ ಹಾಕಬೇಕೆಂದಿದ್ದೆ" ಎನ್ನುತ್ತಾರೆ. ಮೊನ್ನೆ ಧನಶೇಖರ್ ಕೂಡ ಹೇಳಿದರು. ಹೀಗೆ ಹೇಳಿದವರ ಲೆಕ್ಕವನ್ನು ನಾನು ಗುಟ್ಟಾಗಿ ಇಟ್ಟಿದ್ದೇನೆ, ಈಗ ನಲವತ್ತೊಂದಕ್ಕೆ ಬಂದಿದೆ. ನಮ್ಮ ಬ್ಲಾಕಿನ ಚರಿತ್ರೆಯಲ್ಲೇ ಇಷ್ಟು ಓಟು ಯಾರಿಗೂ ಬಿದ್ದಿಲ್ಲ. ಕಣದಲ್ಲಿ ಉಳಿದಿದ್ದರೆ ಈ ಜನಬೆಂಬಲ ನನಗೆ ಖಂಡಿತ ಸಿಗುತ್ತಿರಲಿಲ್ಲ.