ಇನ್ನರ್ಧ ಸುತ್ತು

ನಮ್ಮಪ್ಪ ಮುಚ್ಚಿದ ಡಬ್ಬಿಯನ್ನು ಅವನೇ ಬಂದು ತೆಗೆಯಬೇಕು. ನಲ್ಲಿ ನಿಲ್ಲಿಸಿದರೂ ಅಷ್ಟೇ, ಮತ್ತೆ ತಿರುಗಿಸುವಷ್ಟರಲ್ಲಿ ಅಮ್ಮನ ಅಂಗೈ ಕೆಂಪಾಗಿ, ಅವಳು ಬಾಯಿಗೆ ಬಂದದ್ದೆಲ್ಲ ಅಂದುಬಿಡುತ್ತಿದ್ದಳು. ನೀರಿನ ಪೈಪು ಜೋಡಿಸುವ ಕೆಲಸದಲ್ಲೇ ಅವನ ತಲೆ ನೆರೆತಿತ್ತು. ಎಲ್ಲೇ ಸೋರಲಿ, ಸ್ಪ್ಯಾನರ್ ಹಾಕಿ ಬಿಗಿದು, ಕೆಲಸ ಮುಗಿಯಿತು ಎಂದು ನಾವು ಏಳುವಾಗ "ಇನ್ನರ್ಧ ಸುತ್ತು" ಅನ್ನುತ್ತಿದ್ದ. ಬೀದಿಯವರು ಅದನ್ನೇ ಅವನಿಗೆ ಹೆಸರಿಟ್ಟರು. ಅವನಿಗೆ ಅದರಲ್ಲಿ ಬೇಸರವಿರಲಿಲ್ಲ, ಜಂಬವೇ ಇತ್ತು. ಆ ಜಂಬವೇ ಒಂದು ದಿನ ನಮ್ಮ ಮನೆಗೆ ಮುಳುವಾಗುವುದರಲ್ಲಿತ್ತು.

ಸಡಿಲವಾದದ್ದು ಯಾವುದನ್ನು ಕಂಡರೂ ಅವನಿಗೆ ಆಗದು: ನೇತಾಡುವ ಗುಂಡಿ, ಕುಂಟುವ ಕುರ್ಚಿ, ನನ್ನ ನಾಲಿಗೆ.

ಅಕ್ಕ ಗುಡ್ಡದ ಮೇಲಿನ ಆಸ್ಪತ್ರೆಯಲ್ಲಿ ನರ್ಸ್. ಬಸ್ಸು ಕಾದು ಕಾದು ಸಾಕಾಗಿ ಒಂದು ಹಳೇ ಕಾರು ಕೊಂಡಳು. ಎಂಜಿನ್ ಚೆನ್ನಾಗಿತ್ತು, ಸ್ಟಿಯರಿಂಗ್ ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಅಂಗೈಯಗಲ ತಿರುಗಿಸಿದರೂ ಚಕ್ರ ಸುಮ್ಮನಿರುತ್ತಿತ್ತು, ಆಮೇಲೆ ತಟ್ಟನೆ ತಿರುಗುತ್ತಿತ್ತು. ಗುಡ್ಡದ ರಸ್ತೆಗೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಅಕ್ಕ ಉಸಿರು ಬಿಗಿಹಿಡಿದು ಎತ್ತಿನಗಾಡಿಯ ವೇಗದಲ್ಲಿ ಹತ್ತಿ ಇಳಿಯುತ್ತಿದ್ದಳು.

"ಗ್ಯಾರೇಜಿಗೆ ಬಿಡ್ತೀನಿ," ಎಂದಳು ಒಂದು ದಿನ.

"ಯಾಕೆ, ನಾನು ಸತ್ತಿದ್ದೀನಾ?" ಎಂದ ಅಪ್ಪ.

ಭಾನುವಾರ ಬಾನೆಟ್ ಎತ್ತಿದ. ಸ್ಟಿಯರಿಂಗ್ ಕಂಬದ ಬುಡದಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಅದರ ನೆತ್ತಿಯ ಮೇಲೊಂದು ಸ್ಕ್ರೂ. ಸ್ಕ್ರೂ ಕಂಡದ್ದೇ ತಡ, ಅವನ ಮುಖ ಅರಳಿತು. ನನ್ನನ್ನು ಸೀಟಿನಲ್ಲಿ ಕೂರಿಸಿ ಸ್ಟಿಯರಿಂಗ್ ಅಲ್ಲಾಡಿಸಲು ಹೇಳಿ, ತಾನು ಸ್ಕ್ರೂ ತಿರುಗಿಸುತ್ತ ಹೋದ. ಅಲುಗಾಟ ಮುಕ್ಕಾಲುಪಾಲು ನಿಂತಿತು.

"ಸಾಕಪ್ಪಾ, ಗಟ್ಟಿಯಾಯ್ತು."

"ಇನ್ನರ್ಧ ಸುತ್ತು," ಎಂದ. ಸೊಂಟ ಹಿಡಿದುಕೊಂಡಿದ್ದ ಮನುಷ್ಯ, ಕಾರಿನ ಕೆಳಗೆ ಬಗ್ಗಿ ನೋಡುವ ಗೋಜಿಗೇ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಹೊರಟ ಮೇಲೆ ಅಪ್ಪ ಅಂಗಳ ಗುಡಿಸುತ್ತಿದ್ದ. ಕಾರಿನ ಮುಂದಿನ ಚಕ್ರ ನಿಂತಿದ್ದ ಜಾಗದಲ್ಲಿ ಪೊರಕೆಗೆ ಏನೋ ಸಿಕ್ಕಿತು. ಹರಿದ ರಬ್ಬರ್ ಟೋಪಿ, ಒಳಗೆ ಗ್ರೀಸಿನ ಬದಲು ತುಕ್ಕಿನ ಪುಡಿ. ಎದುರುಮನೆಯ ಲಾರಿ ಡ್ರೈವರ್ ಹಲ್ಲುಜ್ಜುತ್ತ ನಿಂತಿದ್ದ. ಅಪ್ಪ ಅದನ್ನು ಅವನಿಗೆ ತೋರಿಸಿದ. ಅವನು ಬಾಯಲ್ಲಿದ್ದದ್ದನ್ನು ಉಗಿದ.

"ಗಾಡಿ ಎಲ್ಲಿ ಮಾವ?"

"ಮಗಳು ತಗೊಂಡು ಹೋದ್ಲು. ಸ್ಟಿಯರಿಂಗ್ ಲೂಸ್ ಇತ್ತು, ನಿನ್ನೆ ನಾನೇ ಬಿಗಿ ಮಾಡಿದೆ. ಯಾಕೋ?"

"ಮೇಲೆ ಬಿಗಿ ಮಾಡಿದ್ರೆ ಏನ್ ಬಂತು ಮಾವ? ಅಸಲಿ ಲೂಸ್ ಇರೋದು ಕೆಳಗೆ, ಚಕ್ರದ ಹತ್ರ. ಅಲ್ಲಿ ಬಟ್ಟಲೊಳಗೆ ಒಂದು ಗುಂಡು ಕೂತಿರುತ್ತೆ, ಇದು ಅದರ ಟೋಪಿ. ಗುಂಡು ಸವೆದು ಹೋಗಿದೆ. ಅದು ಕಳಚಿಕೊಂಡ್ರೆ ಚಕ್ರ ತನಗೆ ಬೇಕಾದ ಕಡೆ ಹೋಗುತ್ತೆ. ಮೇಲೆ ಅತಿಯಾಗಿ ಬಿಗಿದ್ರೆ ತಿರುವಲ್ಲಿ ಸ್ಟಿಯರಿಂಗ್ ತಾನಾಗಿ ವಾಪಸ್ಸೂ ಬರಲ್ಲ."

ಅಪ್ಪ ಫೋನ್ ಮಾಡಿದ. ರಿಂಗಾಯಿತು, ಅಕ್ಕ ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದು ಅವಳಿಗೆ ಹೇಳಿದ್ದವನು ಅವನೇ. ಅಪ್ಪನ ಮಾತನ್ನು ಅಕ್ಕ ಮೀರಿದವಳಲ್ಲ. ಮೀರುವುದು ನನ್ನ ಪಾಲಿನ ಕೆಲಸ.

ಡ್ರೈವರ್ ತನ್ನ ತಮ್ಮನ ಟೆಂಪೋ ತೆಗೆದ, ಅಪ್ಪನೂ ನಾನೂ ಹತ್ತಿದೆವು. ಬಿಡಿಭಾಗಗಳ ಅಂಗಡಿಯವನು ಆಗಷ್ಟೇ ಶಟರ್ ಎತ್ತುತ್ತಿದ್ದ. ಅವನು ಗುಂಡು-ಬಟ್ಟಲಿನ ಹೊಸ ಜಾಯಿಂಟ್ ಹುಡುಕಿಕೊಡುವವರೆಗೂ ಅಪ್ಪ ಟೆಂಪೋದ ಬಾಗಿಲಿನ ಹಿಡಿಯನ್ನು ತಿರುಚುತ್ತಲೇ ಇದ್ದ.

ಗುಡ್ಡ ಹತ್ತುವಾಗ ಪ್ರತಿ ತಿರುವಿನಲ್ಲೂ ನಾವು ಕೆಳಗೆ ಇಣುಕುತ್ತಿದ್ದೆವು. ಒಂದು ಕಡೆ ರಸ್ತೆಯಂಚಿನ ಕಲ್ಲು ಉರುಳಿ, ಕೆಳಗೆ ಪೊದೆ ಮುರಿದಿತ್ತು. ಡ್ರೈವರ್ ಬ್ರೇಕ್ ಒತ್ತಿ, ಇಳಿದು ನೋಡಿದ.

"ಹಳೇದು ಮಾವ. ಕಲ್ಲು ಕಿತ್ತ ಜಾಗದಲ್ಲಿ ಹುಲ್ಲು ಬೆಳೆದಿದೆ."

ಅಪ್ಪ ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದ.

ಆಸ್ಪತ್ರೆಯ ಅಂಗಳದಲ್ಲಿ ಕಾರು ನೆಟ್ಟಗೆ ನಿಂತಿತ್ತು. ಅಕ್ಕ ಹೊರಗೆ ಬಂದವಳು ನಮ್ಮನ್ನು ಕಂಡು ನಕ್ಕಳು. ಅವಳ ಫೋನ್ ಇನ್ನೂ ಚೀಲದಲ್ಲೇ ಇತ್ತು.

"ಅಪ್ಪಾ, ನಿನ್ನ ಕೈಗೆ ಚಿನ್ನದ ಕಡಗ ತೊಡಿಸಬೇಕು! ಲೂಸ್ ಇದ್ದಾಗ ಹೆದರ್ಕೊಂಡು ತೆವಳ್ತಾ ಬರ್ತಿದ್ದೆ. ಇವತ್ತು ಭಯವೇ ಆಗ್ಲಿಲ್ಲ, ತಿರುವಲ್ಲೂ ಜೋರಾಗೇ ಬಂದ್ಬಿಟ್ಟೆ."

ಡ್ರೈವರ್ ಅಪ್ಪನನ್ನು ಸೀಟಿನಲ್ಲಿ ಕೂರಿಸಿ ಸ್ಟಿಯರಿಂಗ್ ಅಲ್ಲಾಡಿಸಲು ಹೇಳಿ, ಚಕ್ರದ ಪಕ್ಕ ಮಲಗಿ ಜಾಯಿಂಟಿನ ಮೇಲೆ ಕೈಯಿಟ್ಟ. ಒಳಗೆ ಗುಂಡು ಕಟಕಟ ಬಡಿಯುವುದು ನನಗೂ ಕೇಳಿಸಿತು. ಅವನು ಹಿಡಿದು ಜಗ್ಗಿದ. ಸ್ಪ್ಯಾನರ್ ಬೇಕಾಗಲಿಲ್ಲ, ಬಟ್ಟಲು ಗುಂಡಿನಿಂದ ಕಳಚಿಕೊಂಡು ಬರಿಗೈಗೇ ಬಂತು. ಒಳಗೆ ಕೂತ ಅಪ್ಪನಿಗೆ ಅದು ಕಾಣಿಸಿರಲಿಲ್ಲ. ಅವನು ಸ್ಟಿಯರಿಂಗ್ ತಿರುಗಿಸುತ್ತಲೇ ಇದ್ದ, ಆ ಚಕ್ರ ಮಾತ್ರ ಮಿಸುಕಲಿಲ್ಲ. ಅಕ್ಕನ ನಗು ಅಲ್ಲೇ ನಿಂತಿತು.

ಹೊಸ ಜಾಯಿಂಟ್ ಕೂರಿಸಿ ಡ್ರೈವರ್ ಎದ್ದ. "ಮೇಲಿನ ಸ್ಕ್ರೂ ನೀವೇ ಸಡಿಲ ಮಾಡಿ ಮಾವ. ಎಷ್ಟು ಬಿಗಿದಿದ್ದೀರೋ ನಿಮಗೇ ಗೊತ್ತು."

ಅಪ್ಪ ಸ್ಕ್ರೂವಿನ ಮೇಲೆ ಸ್ಕ್ರೂಡ್ರೈವರ್ ಇಟ್ಟ. ಅಷ್ಟೆಲ್ಲ ಕಣ್ಣಾರೆ ಕಂಡ ಮೇಲೂ ಅವನ ಕೈ ತಿರುಗಿದ್ದು ಬಿಗಿಯುವ ಕಡೆಗೇ.

ಅಕ್ಕ ಅವನ ಮಣಿಕಟ್ಟು ಹಿಡಿದುಕೊಂಡಳು.

"ಆ ಕಡೆ ಅಲ್ಲಪ್ಪಾ," ಎಂದಳು.