ತೌಡಿಗೆ ಮಾರಿದ ಮಗಳು

ನಾರಾಯಣಪೇಟೆಯ ಪೆಂಟಮ್ಮನಿಗೆ ಎಪ್ಪತ್ತೈದನೇ ವಯಸ್ಸಿನಲ್ಲಿ ಐರ್ಲೆಂಡಿನ ಪ್ರಜೆಯಾಗುವ ಹಟ ಹುಟ್ಟಿತು. ಕೇಳಿದವರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮಕ್ತಲದ ಕನ್ನಡ ಶಾಲೆಯಿಂದ ನಿವೃತ್ತನಾದ ಮೇಲೆ ಊರವರ ಅರ್ಜಿ ಬರೆದುಕೊಡುತ್ತಿದ್ದ ನನಗೆ ಇಂಥ ಅರ್ಜಿ ಎಂದೂ ಬಂದಿರಲಿಲ್ಲ.

ಅವಳ ಅಪ್ಪ ಡೋನೊವನ್ ಸಾಹೇಬ. ಐರ್ಲೆಂಡಿನಲ್ಲಿ ಹುಟ್ಟಿದವನು, ನಿಜಾಮರ ಕಾಲದಲ್ಲಿ ಕೃಷ್ಣಾ ಸ್ಟೇಷನ್ನಿನ ಹತ್ತಿರ ರೈಲು ಸೇತುವೆ ನೋಡಿಕೊಳ್ಳುತ್ತಿದ್ದ. ನೇಕಾರರ ಮನೆಯ ಜಮ್ಮುಲಮ್ಮನನ್ನು ಮದುವೆಯಾದ. ಮೊದಲ ಎರಡು ಕೂಸು ಉಳಿಯಲಿಲ್ಲ. ಮೂರನೆಯದು ಹುಟ್ಟಿದಾಗ ನಮ್ಮ ಕಡೆಯ ಪದ್ಧತಿಯಂತೆ ಅದನ್ನು ತಿಪ್ಪೆಯ ಮೇಲೆ ಮಲಗಿಸಿ, ಪಕ್ಕದ ಮನೆಯ ಎಂಕಪ್ಪನಿಗೆ ಒಂದು ಮೊರ ತೌಡಿಗೆ ಮಾರಿದರು. ಈ ಕೂಸು ಈ ಮನೆಯದಲ್ಲ ಎಂದು ಸಾವು ನಂಬಲಿ ಅಂತ. ತೆಲುಗಿನಲ್ಲಿ ಪೆಂಟ ಎಂದರೆ ತಿಪ್ಪೆ. ಹೆಸರೂ ಅದೇ ನಿಂತಿತು.

ಕೂಸು ಬೆಳೆದದ್ದು ಹೆತ್ತವರ ಮನೆಯಲ್ಲೇ. ಆದರೆ ಸಾಹೇಬ ಒಂದು ದಿನವೂ ಮಗಳೇ ಎಂದು ಕರೆಯಲಿಲ್ಲ. ಬಂದವರೆದುರು "ಎಂಕಪ್ಪನ ಹುಡುಗಿ" ಎನ್ನುತ್ತಿದ್ದ. ಅವಳಿಗೆ ಆರು ವರ್ಷವಾದಾಗ ಜ್ವರ ಬಂದು ತೀರಿಕೊಂಡ. ಆ ಮಾತನ್ನು ಪೆಂಟಮ್ಮ ಜೀವನಪೂರ್ತಿ ನುಂಗಿಕೊಂಡೇ ಸೀರೆ ನೇಯ್ದಳು.

"ನನ್ನ ಮಗಳು ಅನ್ನಾಕ ಅವಗ ನಾಚಿಕಿ ಇತ್ತೇನ್ರಿ ಮಾಸ್ತರ್ರ?" ಎಂದು ಕೇಳಿದಳು. "ನನಗ ಆ ದೇಶ ಬ್ಯಾಡ. ಇವಳ ಅಪ್ಪ ಇಂವ ಅಂತ ಒಂದು ಸರ್ಕಾರ ಬರದು ಕೊಡಲಿ, ಸಾಕು."

ಆಮೇಲೆ ನನಗೆ ನಗು ಬರಲಿಲ್ಲ. ಅವಳನ್ನೂ ಮಗ ಹನುಮಂತುವನ್ನೂ ಕರೆದುಕೊಂಡು ಗದ್ವಾಲದ ಆಡಿಟರ್ ಭಾನುಪ್ರಕಾಶನ ಹತ್ತಿರ ಹೋದೆ. ಹನುಮಂತುವಿಗೆ ಒಂದೇ ಚಿಂತೆ.

"ಆ ದೇಶದೋರು ನಮ್ಮ ಮಗ್ಗಕ್ಕ ತೆರಿಗಿ ಹಾಕ್ತಾರೇನ್ರಿ?"

"ಎಲ್ಲಿ ಇರ್ತೀರೋ ತೆರಿಗಿ ಅಲ್ಲಿ," ಎಂದ ಭಾನುಪ್ರಕಾಶ. "ಬರೇ ಆ ದೇಶದೋರಾದ್ರ ಅಲ್ಲಿ ತೆರಿಗಿ ಬೀಳಲ್ಲ. ಇಲ್ಲಿ ದುಡಿದದ್ದಕ್ಕ ಇಲ್ಲೇ ಲೆಕ್ಕ. ಅಲ್ಲಿ ಹುಟ್ಟಿದೋನ ಮಗು ಎಲ್ಲಿ ಹುಟ್ಟಿದ್ರೂ ಆ ದೇಶದ್ದೇ, ಪುರಾವೆ ಬೇಕಷ್ಟೆ. ಆದ್ರ ಅಮ್ಮಾ, ಆ ಪಾಸ್‌ಪೋರ್ಟ್ ಕೈಗೆ ಬಂದ ದಿನ ಇಲ್ಲಿನ ಓಟು ಹೋಗತೈತಿ, ನೇಕಾರರ ಪಿಂಚಣಿನೂ ಹೋಗತೈತಿ."

"ಹೋಗಲಿ ಬಿಡ್ರಿ," ಎಂದಳು. ಹನುಮಂತು ತಲೆ ಚಚ್ಚಿಕೊಂಡ.

ಸಾಹೇಬನ ಜನನ ಪತ್ರ, ಮದುವೆ ಪತ್ರ ಎರಡೂ ಅವಳ ತಾಯಿಯ ಟ್ರಂಕಿನಲ್ಲಿದ್ದವು. ಬೇಕಾದದ್ದು ಪೆಂಟಮ್ಮನ ಜನನ ಪತ್ರವೊಂದೇ. ಸಾಹೇಬ ಕಾಗದದ ಮನುಷ್ಯ, ಬರೆಸದೆ ಬಿಟ್ಟಿರುವುದಿಲ್ಲ ಎಂದು ಆಸೆ ಹಚ್ಚಿದವನು ನಾನೇ. ನಾಲ್ಕು ತಿಂಗಳು ಮಕ್ತಲದ ಕಚೇರಿಗೆ ತಿರುಗಿದೆವು. ಕೊನೆಗೆ ಹಳೆಯ ರಿಜಿಸ್ಟರು ಸಿಕ್ಕಿತು, ಉರ್ದುವಿನಲ್ಲಿ. ಉರ್ದು ಬಲ್ಲ ಮುದುಕನೊಬ್ಬ ಓದಿದ: ಹೆಣ್ಣು ಕೂಸು. ತಂದೆಯ ಹೆಸರು ಎಂಕಪ್ಪ. ಬರೆಸಿದವರ ಸಹಿ ಮಾತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ನಾನೇ ಓದಿದೆ. ಡೋನೊವನ್.

ತೌಡಿನ ಆಟವನ್ನು ಎಲ್ಲರೂ ಹೆಂಗಸರಿಗೆ ಬಿಟ್ಟುಬಿಡುತ್ತಾರೆ. ಈ ಪುಣ್ಯಾತ್ಮ ಅದನ್ನು ಸರ್ಕಾರದ ಪುಸ್ತಕಕ್ಕೂ ಏರಿಸಿದ್ದ. ಸಾವು ಕಾಗದ ನೋಡಿದರೂ ಸಿಕ್ಕಿಬೀಳಬಾರದೆಂದೋ ಏನೋ. ಎರಡು ಕೂಸು ಮಣ್ಣು ಮಾಡಿದವನ ಭಯ ನನಗೆ ಅರ್ಥವಾಯಿತು, ಅವನ ಮೇಲೆ ಸಿಟ್ಟೂ ಬಂತು.

ಪೆಂಟಮ್ಮ ಆ ಸಹಿಯ ಮೇಲೆ ಬೆರಳಾಡಿಸಿದಳು. ಅಫಿಡವಿಟ್ ಮಾಡಿಸಿ ನೋಡೋಣ ಎಂದೆ. ನನಗೇ ನಂಬಿಕೆ ಇರಲಿಲ್ಲ.

"ಸಾಕ್ರಿ. ನಾಚಿಕಿ ಅಲ್ಲ, ಅಂಜಿಕಿ ಅಂತ ತಿಳೀತು. ಆದ್ರ ಮಾಸ್ತರ್ರ, ಅಂವ ಮೋಸ ಮಾಡಾಕ ಹೋಗಿದ್ದು ಸಾವಿಗಿ. ಮೋಸ ಆಗಿದ್ದು ನನಗ."

ಕೊರೊನಾದ ಎರಡನೇ ಅಲೆಯಲ್ಲಿ ಅವಳು ಹೋದಳು. ಮರಣ ಪತ್ರದ ಅರ್ಜಿ ತುಂಬಲು ಹನುಮಂತು ನನ್ನನ್ನೇ ಕರೆದ. ತಂದೆಯ ಹೆಸರು ಎಂಬಲ್ಲಿ ನನ್ನ ಪೆನ್ನು ನಿಂತಿತು. ಗುಮಾಸ್ತ ನಾವು ಆ ರಿಜಿಸ್ಟರಿನಿಂದ ತೆಗೆಸಿದ್ದ ಜನನದ ನಕಲು ತಿರುಗಿಸಿ ನೋಡಿ, "ಇದರಾಗ ಇದ್ದಂಗ ಬರೀರಿ ಸಾರ್," ಎಂದ. ಹಿಂದೆ ಸಾಲು ಉದ್ದವಿತ್ತು.

ಎಂಕಪ್ಪ ಎಂದು ಬರೆದೆ.