ಸ್ಟೇರಿಂಗ್ ಆಡ್ತೈತೆ

ಫೋನಿನಲ್ಲಿ ಯಾರಾದರೂ "ಹೆಂಗಿದೀರಿ?" ಎಂದು ಕೇಳಿದರೆ ನಾನು ನನ್ನ ಕಾರು ಹೇಗಿದೆ ಎಂದು ಹೇಳಿಬಿಡುತ್ತೇನೆ. ಬೇಕೆಂದು ಮಾಡುವುದಲ್ಲ, ಬಾಯಿಗೆ ಹಾಗೇ ಬರುತ್ತದೆ. ನೌಕರಿಯ ಅಷ್ಟೂ ವರ್ಷ ಪಶು ಆಸ್ಪತ್ರೆಯಲ್ಲಿ ಕಳೆದವನು ನಾನು. ಮಾತು ಬಾರದ ಜೀವಗಳ ಪರವಾಗಿ ಮಾತಾಡಿ ಮಾತಾಡಿ, ನನ್ನ ಪರವಾಗಿ ಮಾತಾಡುವುದೇ ಮರೆತುಹೋಗಿದೆ ಎಂದು ನನ್ನ ಹೆಂಡತಿ ರತ್ನ ಹೇಳುತ್ತಾಳೆ. ಅವಳ ಮಾತಿನಲ್ಲಿ ಹುರುಳಿದೆ. ಅದನ್ನೂ ಅವಳೆದುರು ಒಪ್ಪಿಕೊಂಡವನಲ್ಲ.

ಕಾರು ಹಳೆಯದು. ನಾನು ಕೊಳ್ಳುವ ಹೊತ್ತಿಗೇ ಇನ್ನೊಬ್ಬರ ಮನೆಯಲ್ಲಿ ಬಾಳಿ ಬದುಕಿ ಬಂದಿತ್ತು. ಚನ್ನಗಿರಿಯ ನಮ್ಮ ಬೀದಿಯ ತಿರುವಿಗೆ ಅದು ಬಂದರೆ ಸಾಕು, ಮಲಗಿದ್ದ ನಾಯಿಗಳು ಎದ್ದು ದಾರಿ ಬಿಡುತ್ತವೆ, ಗೌರವಕ್ಕಲ್ಲ, ಸದ್ದಿಗೆ. ಅದರ ವೇಗದ ಮುಳ್ಳು ಸೊನ್ನೆಯ ಮೇಲೆ ಮಲಗಿ ಎಷ್ಟೋ ಕಾಲವಾಯಿತು. ರಿಪೇರಿಯ ಅಗತ್ಯ ಬೀಳಲಿಲ್ಲ. ರತ್ನ ಪಕ್ಕದ ಸೀಟಿನಲ್ಲಿ ಕೂತು ಬಾಗಿಲ ಮೇಲಿನ ಹಿಡಿಕೆ ಹಿಡಿದುಕೊಂಡರೆ, ವೇಗ ಅರವತ್ತು ಮುಟ್ಟುತ್ತಿದ್ದಂತೆ ಅವಳ ಗಾಜಿನ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ಮುಳ್ಳು ಜೀವಂತ ಇದ್ದಾಗಲೇ ನಾವದನ್ನು ತಾಳೆ ನೋಡಿಕೊಂಡಿದ್ದೆವು. "ಅರವತ್ತಾತು ನೋಡ್ರಿ, ನಿಧಾನ" ಅನ್ನುತ್ತಿದ್ದಳು. ನಾನು ಕಾಲು ಸಡಿಲಿಸುತ್ತಿದ್ದೆ. ಸಂತೇಬೆನ್ನೂರು ಸಂತೆಯಲ್ಲಿ ಅವಳು ಬಳೆ ತೊಡಿಸಿಕೊಂಡಾಗಲೆಲ್ಲ, ಅಂತೂ ನಮ್ಮ ಮೀಟರು ಹೊಸದಾಯಿತು ಎಂದು ರೇಗಿಸುತ್ತಿದ್ದೆ.

ಈ ಸಲ ಮಳೆಗಾಲ ಶುರುವಾಗುವಾಗ ಅವಳ ಅಕ್ಕ ಹಾಲಮ್ಮನಿಗೆ ಮೊಣಕಾಲಿನ ಆಪರೇಷನ್ ಆಯಿತು. ಹಾಲಮ್ಮ ಇರುವುದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ, ಹೊಲದ ಮನೆಯಲ್ಲಿ. ರತ್ನ ಹುಟ್ಟಿ ಬೆಳೆದದ್ದೂ ಅಲ್ಲೇ. ಆರೈಕೆಗೆಂದು ಅವಳನ್ನು ಬಿಡಲು ಹೋದೆ. ತಿಂಗಳೊಪ್ಪತ್ತಿನಲ್ಲಿ ಬರುತ್ತೇನೆ ಅಂದಳು. ಹಿಂದಿನ ದಿನ ಮಳೆಯಾಗಿ ಹೊಲದ ದಾರಿಯ ಎರೆಮಣ್ಣು ನಾದಿಟ್ಟ ಹಿಟ್ಟಿನಂತಾಗಿತ್ತು. ಹೇಗೋ ಹೋಗಿ ಹೇಗೋ ಹೊರಬಿದ್ದೆ. ಡಾಂಬರು ರಸ್ತೆ ಸಿಕ್ಕಿ ಕೊಂಚ ಜೋರು ಮಾಡಿದೆನೋ ಇಲ್ಲವೋ, ಸ್ಟೇರಿಂಗು ಕೈಯೊಳಗೆ ಗಡಗಡ ಎನ್ನತೊಡಗಿತು.

ಕನ್ನಡದಲ್ಲಿ ನಡುಗುವುದಕ್ಕೇನೂ ಬಡತನವಿಲ್ಲ. ಭೂಮಿ ಕಂಪಿಸುತ್ತದೆ, ತುಟಿ ಅದುರುತ್ತದೆ, ತೆನೆ ತೊನೆಯುತ್ತದೆ, ಹಲ್ಲು ಅಲುಗುತ್ತದೆ, ಚಳಿಗೆ ಮೈ ನಡುಗುತ್ತದೆ. ನಮ್ಮ ಕಡೆಯ ಮೆಕ್ಯಾನಿಕ್‌ಗಳು ಇದಿಷ್ಟನ್ನೂ ಬದಿಗಿಟ್ಟು "ಸ್ಟೇರಿಂಗ್ ಆಡ್ತೈತೆ" ಎನ್ನುತ್ತಾರೆ. ಎಂಥ ಪದ ನೋಡಿ. ಮಕ್ಕಳು ಅಂಗಳದಲ್ಲಿ ಆಡುವುದೂ ಅದೇ, ಸಡಿಲಾದ ಮೊಳೆ ತೂತಿನಲ್ಲಿ ಆಡುವುದೂ ಅದೇ, ನಾವು ಮಾತು ಆಡುವುದೂ ಅದೇ. ಹೊನ್ನಾಳಿಯ ಟೈರ್ ಅಂಗಡಿಯಲ್ಲಿ ಈ ಪದ ಕಿವಿಗೆ ಬಿದ್ದಾಗ, ಕಾರು ಏನನ್ನೋ ಹೇಳಲು ಹೊರಟಿದೆ ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

"ಎಷ್ಟರಾಗೆ ಆಡ್ತೈತ್ರೀ? ನಲವತ್ತಕ್ಕೋ, ಅರವತ್ತಕ್ಕೋ? ಬ್ರೇಕ್ ಒತ್ತಿದಾಗ್ಲೋ, ಸುಮ್ನೆ ಹೋಗೋವಾಗ್ಲೋ?" ಎಂದು ಅಂಗಡಿಯವನು ಕೇಳಿದ. ಒಳ್ಳೆಯ ಪ್ರಶ್ನೆಗಳು. ಮೇವು ಬಿಟ್ಟ ಹಸುವಿನ ಮುಂದೆ ನಿಂತು ನಾನೂ ಹೀಗೇ ಕೇಳುತ್ತಿದ್ದೆ. ಸುಮ್ಮನೆ ಹೋಗುವಾಗಲೇ ಆಡುತ್ತದೆ ಎಂದೆ, ವೇಗ ಮಾತ್ರ ಗೊತ್ತಿಲ್ಲ.

"ಮೀಟ್ರು ಇಲ್ಲೇನ್ರಿ?"

"ಸೊಕ್ಕೆಗೆ ಹೋಗೈತೆ" ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

"ಅಲ್ಲಿ ಯಾರ್ರೀ ಮೀಟ್ರು ರಿಪೇರಿ ಮಾಡೋರು?" ಎಂದು ಅವನು ಆಸಕ್ತಿಯಿಂದ ಕೇಳಿದ. ನಾನು ಕೆಮ್ಮಿದೆ. ಅವನು ಅಲೈನ್‌ಮೆಂಟ್ ಮಾಡಿದ. ಊರು ಮುಟ್ಟುವುದರೊಳಗೆ ಸ್ಟೇರಿಂಗು ಮತ್ತೆ ಆಡಿತು. ಅನಂತರ ನ್ಯಾಮತಿಯ ಗ್ಯಾರೇಜಿಗೆ ಹೋದೆ. ಅಲ್ಲಿಯವರು ಕೆಳಗಿನ ಯಾವುದೋ ರಾಡು ಬದಲಿಸಿ, ಸೂರಗೊಂಡನಕೊಪ್ಪದ ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ನೋಡಿ, "ಗಾಡಿಗೆ ವಯಸ್ಸಾತು ಸಾರ್, ಹೊಂದ್ಕೊಂಡು ಹೋಗ್ರಿ" ಎಂದರು. ಅವರು ಯಾರಿಗೆ ಹೇಳಿದರೋ, ಕಾರಿಗಿಂತ ಹೆಚ್ಚು ನನಗೇ ತಾಗಿತು.

ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಈ ತಿರುಗಾಟವೆಲ್ಲ ಸ್ಟೇರಿಂಗಿಗಾಗಿ ಮಾತ್ರ ಆಗಿರಲಿಲ್ಲ. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಒಬ್ಬನಿಗೆ ಚಹಾ ಮಾಡುವುದು ನನಗೆ ಬರುವುದಿಲ್ಲ. ಇಬ್ಬರ ಅಳತೆಗೆ ಮಾಡಿ, ಉಳಿದದ್ದನ್ನು ಮತ್ತೆ ಕಾಯಿಸಿ ಕುಡಿಯುತ್ತಿದ್ದೆ. ಗೂಟದಲ್ಲಿ ಅವಳ ಹಳೇ ಸ್ವೆಟರ್ ನೇತಾಡುತ್ತಿತ್ತು, ಅದನ್ನು ತೆಗೆದು ಮಡಿಸಿ, ಮತ್ತೆ ಅಲ್ಲೇ ನೇತುಹಾಕುತ್ತಿದ್ದೆ. ಅವಳು ನನಗೆ ಬೇಕಾಗಿತ್ತು. ಹೀಗೆ ಬರೆಯುವುದು ಎಷ್ಟು ಸುಲಭ ನೋಡಿ.

ಅವಳ ಫೋನು ದಿನಾ ಸಂಜೆ ಬರುತ್ತಿತ್ತು. "ಹೆಂಗಿದೀರಿ?" ಅನ್ನುತ್ತಿದ್ದಳು. "ಸ್ಟೇರಿಂಗ್ ಇನ್ನೂ ಆಡ್ತೈತೆ" ಅನ್ನುತ್ತಿದ್ದೆ. ಆಮೇಲೆ ಅವಳ ಸರದಿ. ಅಕ್ಕ ಕೋಲು ಬಿಟ್ಟು ನಡೆಯುತ್ತಾಳೆ, ನವಣೆ ಚೆನ್ನಾಗಿ ಹುಟ್ಟಿದೆ, ಶೇಂಗಾ ಹೊಲದಲ್ಲಿ ಕಳೆ ತೆಗೆದು ಸೊಂಟ ಹಿಡಿದಿದೆ, ಆದರೂ ನಾಳೆ ಹೋಗುವವಳೇ. ಅವಳ ದನಿಯಲ್ಲಿ ಒಂದು ಓಟವಿತ್ತು. ಚನ್ನಗಿರಿಯಲ್ಲಿ ನಾನದನ್ನು ಕೇಳಿರಲಿಲ್ಲ. ತಿಂಗಳೊಪ್ಪತ್ತು ಎಂದೋ ಕಳೆದಿತ್ತು. "ಇನ್ನೊಂದು ವಾರ ಇರ್ಲಾ?" ಎಂದು ಕೇಳಿದರೆ, "ಇರು ಇರು, ಅವಸರ ಏನೈತೆ" ಎಂದು ನಾನೇ ದೊಡ್ಡಸ್ತಿಕೆ ತೋರಿಸುತ್ತಿದ್ದೆ.

ಒಂದು ಸಂಜೆ ಅವಳಿಗೆ ಈ ಸ್ಟೇರಿಂಗ್ ಪುರಾಣ ಸಾಕಾಗಿರಬೇಕು. "ಎತ್ತು ಕುಂಟಿದ್ರೆ ಮೊದ್ಲು ಗೊರಸು ಎತ್ತಿ ನೋಡ್ರಿ ಅಂತ ಊರಿಗೆಲ್ಲ ಹೇಳ್ತಿದ್ರಲ್ಲ, ನಿಮ್ಮ ಗಾಡಿ ಗೊರಸು ನೋಡೀರೇನು?" ಎಂದಳು.

ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದೆ. ಹೊರಮುಖ ತೊಳೆದು ಫಳಫಳ ಹೊಳೆಯುತ್ತಿತ್ತು. ಒಳಮುಖದಲ್ಲಿ, ಗೋಡೆಗೆ ತಟ್ಟಿದ ಬೆರಣಿಯ ಹಾಗೆ, ಒಂದೇ ಪಕ್ಕಕ್ಕೆ ಎರೆಮಣ್ಣು ಗಟ್ಟಿಯಾಗಿ ಅಂಟಿ ಕೂತಿತ್ತು. ಒಂದು ಕಡೆ ಭಾರ ಹೊತ್ತ ಚಕ್ರ ನೆಟ್ಟಗೆ ಹೇಗೆ ತಿರುಗೀತು? ಅವಳನ್ನು ಬಿಟ್ಟು ಬಂದ ದಿನದ ಸೊಕ್ಕೆಯ ಮಣ್ಣು ಅದು. ಹೊನ್ನಾಳಿ, ನ್ಯಾಮತಿ ಎಲ್ಲ ಕಡೆ ಅದನ್ನು ಹೊತ್ತುಕೊಂಡೇ ತಿರುಗಿದ್ದೆ. ಉಳಿಯಿಂದ ಒಡೆದು ತೆಗೆದು, ಚಕ್ರ ಹಾಕಿ ಓಡಿಸಿದೆ. ಸ್ಟೇರಿಂಗು ಮಿಸುಕಲಿಲ್ಲ. ಗೆದ್ದೆ ಎಂದು ಹಿಗ್ಗುತ್ತ ಮನೆಗೆ ಬಂದು ಕೂತ ಮೇಲೆ ಹೊಳೆಯಿತು: ಇವತ್ತು ಸಂಜೆ ಫೋನಿನಲ್ಲಿ ಹೇಳಲು ನನ್ನ ಹತ್ತಿರ ಏನೂ ಉಳಿದಿಲ್ಲ.

ಅದಕ್ಕೇ ಸೊಕ್ಕೆಗೆ ಹೊರಟೆ. ವಾಸಿಯಾದ ಕಾರನ್ನು ಕಂಡರೆ ತಾನಾಗಿ ಚೀಲ ತುಂಬಿಕೊಂಡು ಬಂದು ಕೂರುತ್ತಾಳೆ ಎಂಬುದು ನನ್ನ ಲೆಕ್ಕಾಚಾರ. ಅವಳು ಕೂತದ್ದೇನೋ ನಿಜ. ಜಗಳೂರಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿದೆವು. ಬಳೆಗಳು ಕಿಣಿಕಿಣಿ ಎಂದವು. "ಅರವತ್ತಾತು. ಆಡಂಗಿಲ್ಲ ನೋಡ್ರಿ! ಇನ್ನ ವಾರಕ್ಕೊಂದ್ಸಲ ನೀವೇ ಬರಾಕೆ ಏನೂ ತೊಂದ್ರೆ ಇಲ್ಲ" ಎಂದಳು, ಬಲು ಖುಷಿಯಿಂದ. ನಾನು "ಹೌದೌದು" ಎಂದೆ. ರೊಟ್ಟಿ ಉಂಡೆ. ಹೊರಡುವಾಗ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. "ಗಾಳಿ ಚೆಕ್ ಮಾಡಿಸ್ಬೇಕು" ಎಂದು ಹೇಳಿ ಹೊರಟೆ.

ನಾನು ಉಣ್ಣುವಷ್ಟರಲ್ಲಿ ಒಂದು ಮಳೆ ಬಿದ್ದು ಹೊಲದ ದಾರಿ ಮತ್ತೆ ಹಸಿಯಾಗಿತ್ತು. ಜಗಳೂರು ದಾಟಿ ಜೋರು ಮಾಡುತ್ತಿದ್ದಂತೆ ಸ್ಟೇರಿಂಗು ಮತ್ತೆ ಆಡಿತು. ಬೇವಿನ ಮರದ ಕೆಳಗೆ ನಿಲ್ಲಿಸಿ, ಒಂದು ಕಡ್ಡಿ ಮುರಿದುಕೊಂಡು ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. ಮಣ್ಣು ಮೆತ್ತಗಿತ್ತು, ಕೆರೆದರೆ ಕ್ಷಣದಲ್ಲಿ ಬಿಡುತ್ತಿತ್ತು. ಕೈ ಏಳಲಿಲ್ಲ. ಕಡ್ಡಿ ಬಿಸಾಕಿ ಫೋನು ತೆಗೆದೆ.

"ರತ್ನ, ಮತ್ತೆ ಆಡ್ತೈತೆ."

"ಗೊರಸು ಕೆರೀರಿ. ಎಷ್ಟರಾಗೆ ಆಡ್ತೈತೆ?"

"ಗೊತ್ತಾಗ್ತಿಲ್ಲ. ಬಳೆ ಇಲ್ಲ."

ಅವಳು ಮೆಲ್ಲಗೆ, ದಿನಾ ಸಂಜೆ ಕೇಳುವ ಅದೇ ಪ್ರಶ್ನೆ ಕೇಳಿದಳು. "ಹೆಂಗಿದೀರಿ?"

"ಕಾರು ಚೆನ್ನಾಗೈತೆ" ಎಂದೆ. "ನಾನೇ ಚೆನ್ನಾಗಿಲ್ಲ. ನೀನು ಬಾ."

"ಇದನ್ನ ಹೇಳಾಕೆ ಇಷ್ಟು ದಿನ ಬೇಕಾತೇನ್ರಿ?" ಅಂದಳು. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಗಾಡಿ ತಿರುಗಿಸ್ರಿ. ನಿಧಾನ ಬರ್ರಿ."

ತಿರುಗಿಸಿದೆ. ಎತ್ತಿನ ಗಾಡಿಗಳೂ ಹಿಂದೆ ಹಾಕುವಷ್ಟು ನಿಧಾನವಾಗಿ ಹೋದೆ. ಅಂಥ ವೇಗದಲ್ಲಿ, ಎಷ್ಟೇ ಮಣ್ಣು ಮೆತ್ತಿರಲಿ, ಚಕ್ರ ಆಡುವುದಿಲ್ಲ. ಯಾವ ಮೆಕ್ಯಾನಿಕ್‌ನನ್ನು ಬೇಕಾದರೂ ಕೇಳಿ. ಆದರೂ ಸೊಕ್ಕೆ ಮುಟ್ಟುವವರೆಗೆ ಸ್ಟೇರಿಂಗು ನನ್ನ ಕೈಯಲ್ಲಿ ಆಡುತ್ತಲೇ ಇತ್ತು.